ಗಣಿತ ಟೀಚರ ದಣಿವಿಗೆ ಏಳು ಕಾರಣ

ಹೆಸರು ಬರೆಯಬಾರದು ಎಂಬುದು ಟೀಚರದೇ ಅಪ್ಪಣೆ. "ಬರೆಯುವುದಾದ್ರೆ ಬರೀರಿ ಸರ್, ಹೆಸರು ಮಾತ್ರ ಹಾಕ್ಬೇಡಿ. ಹಾಕಿದ್ರೆ ಮರುದಿನವೇ ಜನ ಫೋನ್ ಮಾಡಿ ಮದ್ದು ಹೇಳ್ಲಿಕ್ಕೆ ಶುರು ಮಾಡ್ತಾರೆ. ಅದನ್ನು ಕೇಳಿಯೇ ನನಗೆ ಸುಸ್ತಾಗ್ತದೆ" ಎಂದರು.

ನಮ್ಮ ಊರಿನ ಮಟ್ಟಿಗೆ ಇದು ಉತ್ಪ್ರೇಕ್ಷೆಯೇನಲ್ಲ. ಕಾರ್ಕಳದಿಂದ ಹೆಬ್ರಿಯವರೆಗೆ ಯಾರನ್ನು ಬೇಕಾದರೂ ನಿಲ್ಲಿಸಿ "ನನಗೆ ಆಯಾಸ" ಎಂದು ಹೇಳಿ ನೋಡಿ, ಒಬ್ಬರೂ ಸುಮ್ಮನೆ ಮುಂದೆ ಹೋಗುವುದಿಲ್ಲ. ಒಬ್ಬರು ಪುನರ್ಪುಳಿ ಶರಬತ್ತು ಕುಡಿಯಿರಿ ಎಂದರೆ ಇನ್ನೊಬ್ಬರು ಪುನರ್ಪುಳಿಯನ್ನು ಬಿಟ್ಟು ಉಳಿದದ್ದೆಲ್ಲ ಕುಡಿಯಿರಿ ಎನ್ನುತ್ತಾರೆ. ಟೀಚರು ಎಲ್ಲರ ಮಾತನ್ನೂ ತಲೆಯಾಡಿಸಿ ಕೇಳುತ್ತಿದ್ದರು, ಥ್ಯಾಂಕ್ಸ್ ಹೇಳುತ್ತಿದ್ದರು, ಆಮೇಲೆ ಮಣಿಪಾಲದ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದರು. ಈ ಫೆಬ್ರವರಿಯ ಕೊನೆಯ ದಿನ ಅವರು ನಮ್ಮ ಹೈಸ್ಕೂಲಿನಿಂದ ನಿವೃತ್ತರಾದರು. ಅಂದಿನಿಂದ ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಕುರ್ಚಿ ಖಾಲಿ, ನನಗೂ ಏನೋ ಬಣಬಣ. ಅದಕ್ಕೇ ಬರೆಯಲು ಕೂತೆ.

ನಾವಿಬ್ಬರೂ ಒಂದೇ ವರ್ಷ ಆ ಶಾಲೆಗೆ ಸೇರಿದವರು, ನಾನು ಕನ್ನಡಕ್ಕೆ, ಅವರು ಗಣಿತಕ್ಕೆ. ಆಗಿನ ಟೀಚರನ್ನು ನೋಡಬೇಕಿತ್ತು. ಬಸ್ಸಿನಿಂದ ಇಳಿದರೆಂದರೆ ಗೇಟಿನಿಂದ ಸ್ಟಾಫ್ ರೂಮಿಗೆ ನಡೆಯುತ್ತಿರಲಿಲ್ಲ, ಹಾರುತ್ತಿದ್ದರು. ಮೆಟ್ಟಿಲನ್ನು ಎರಡೆರಡು ಹತ್ತುವುದು. ಬೋರ್ಡಿನ ಈ ತುದಿಯಲ್ಲಿ ಲೆಕ್ಕ ಶುರುವಾದರೆ ಆ ತುದಿಯಲ್ಲಿ ಉತ್ತರ, ನಡುವೆ ಮಕ್ಕಳಿಗೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವರು, ಮದುವೆಯಾಗಿ ಕಾರ್ಕಳಕ್ಕೆ ಬಂದವರು. "ನಮ್ಮಲ್ಲಿ ಗಾಳಿಗೆ ಎದುರಾಗಿ ನಡೆದು ಅಭ್ಯಾಸ, ಇಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಸ್ಪೀಡು ಜಾಸ್ತಿ ಆಗ್ತದೆ" ಎಂದು ಅವರ ವಿವರಣೆ. ಯಾವುದಕ್ಕಾದರೂ ಒಂದು ಕಾರಣ ಕೊಡದೆ ಅವರಿಗೆ ಸಮಾಧಾನವಿಲ್ಲ. ಕೊಟ್ಟ ಮೇಲೆ "ಬೇರೆ ಕಾರಣಗಳೂ ಇರಬಹುದು" ಎಂದು ಸೇರಿಸುವುದೂ ಅವರೇ.

ಐವತ್ತು ದಾಟಿದ ಮೇಲೆ ಟೀಚರು ನಿಧಾನವಾದರು. ಮೊದಲು ಎರಡೆರಡು ಮೆಟ್ಟಿಲು ಹೋಗಿ ಒಂದೊಂದಾಯಿತು. ಆಮೇಲೆ ಮಧ್ಯದಲ್ಲಿ ಕಂಬಿ ಹಿಡಿದು ನಿಲ್ಲತೊಡಗಿದರು. ಪೀರಿಯಡ್ಡು ಮುಗಿಸಿ ಬಂದರೆ ಮೇಜಿನ ಮೇಲೆ ತಲೆಯಿಟ್ಟು ಮಲಗುವುದು. ಒಮ್ಮೆ ಪರೀಕ್ಷೆಯ ಮೇಲ್ವಿಚಾರಣೆಯಲ್ಲಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದನ್ನು ಕಂಡು ನಾನು ಸ್ಟಾಫ್ ರೂಮಿನಲ್ಲಿ ಹೇಳಿದ ಮಾತು ಈಗಲೂ ನೆನಪಿದೆ, ನೆನೆದರೆ ನಾಚಿಕೆಯಾಗುತ್ತದೆ. "ಸರ್ವಿಸ್ ಜಾಸ್ತಿಯಾದ ಹಾಗೆ ಕೆಲವರಿಗೆ ನಿದ್ದೆಯೂ ಜಾಸ್ತಿಯಾಗ್ತದೆ" ಎಂದಿದ್ದೆ. ಎಲ್ಲರೂ ನಕ್ಕಿದ್ದರು. ನನ್ನ ನಾಲಗೆಗೆ ಲಗಾಮಿಲ್ಲ ಎಂದು ನನ್ನ ಹೆಂಡತಿ ಹೇಳುವುದರಲ್ಲಿ ಸುಳ್ಳೇನಿಲ್ಲ.

ಅವರ ಕೆನ್ನೆ ಎರಡೂ ಕೆಂಪಾಗುತ್ತಿದ್ದವು. ಸೆಖೆಗೆ ಎಂದುಕೊಂಡೆವು. ಬೆರಳ ಗಂಟು ಊದಿ ಚಾಕ್‌ಪೀಸ್ ಹಿಡಿಯಲಾಗದ ದಿನ ಗಂಡ ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಆಮೇಲೆ ನಾಲ್ಕಾರು ಸಲ ಹೋಗಿ ಬಂದು, ಕೈಯಿಂದ ಎಷ್ಟೋ ರಕ್ತ ತೆಗೆಸಿಕೊಂಡು, ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ನಮಗೆಲ್ಲ ಸುದ್ದಿ ಹೇಳಿದರು. ಲೂಪಸ್ ಅಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ. ಅಂಟುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ, ಮದ್ದಿನಲ್ಲಿ ಹಿಡಿತಕ್ಕೆ ಬರುತ್ತದೆ. "ಮನೆ ಕಾಯ್ಲಿಕ್ಕೆ ಸಾಕಿದ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ನಾಯಿಯನ್ನು ಬಿಡ್ಲಿಕ್ಕೂ ಆಗುವುದಿಲ್ಲ, ಅಲ್ವಾ?" ಎಂದು ನಗುತ್ತಾ ನನಗೆ ಉಪ್ಪಿನಕಾಯಿ ಕೊಟ್ಟರು. ನಿದ್ದೆಯ ಬಗ್ಗೆ ಆಡಿದ ಮಾತು ನೆನಪಾಗಿ ನಾನು ಡಬ್ಬಿ ಮುಚ್ಚಿಟ್ಟೆ.

ಕೆನ್ನೆ ಕೆಂಪಾದದ್ದು ನಾಗದೋಷದಿಂದ ಎಂದು ಪಕ್ಕದ ಮನೆಯವರು ಹೇಳಿದರು. ಟೀಚರು ಅದಕ್ಕೂ ಬೇಡವೆನ್ನಲಿಲ್ಲ. ಕಾಪುವಿನ ಮೂಲಸ್ಥಾನದಲ್ಲಿ ನಾಗನಿಗೆ ತಂಬಿಲದ ಪೂಜೆ ಮಾಡಿಸಿ ಬಂದರು, ಬಂದ ಸಂಜೆ ಮಾತ್ರೆಯನ್ನೂ ತೆಗೆದುಕೊಂಡರು. ಎರಡನ್ನೂ ಒಟ್ಟಿಗೆ ನಡೆಸುತ್ತೀರಲ್ಲ ಎಂದು ನಾನು ಕೆಣಕಿದೆ. ನಾಗನೂ ಡಾಕ್ಟರೂ ಇದುವರೆಗೆ ಜಗಳ ಮಾಡಿಲ್ಲ, ನಡುವೆ ನೀವು ಯಾಕೆ ತಂದು ಹಾಕುತ್ತೀರಿ ಎಂದು ಕೇಳಿದರು.

ಬಿಸಿಲು ಅವರಿಗೆ ಆಗುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಅಂಗಳದಲ್ಲಿ ಕೊಡೆ ಬಿಡಿಸಿ ನಿಲ್ಲುತ್ತಿದ್ದರು. ರಾಷ್ಟ್ರಗೀತೆಗೆ ಕೊಡೆ ಹಿಡಿಯಬಹುದೇ ಎಂದು ಪಿ.ಟಿ. ಮಾಸ್ಟ್ರಿಗೆ ಸಂಶಯ. ಟೀಚರು ಕೊಡೆಯನ್ನೂ ನೆಟ್ಟಗೆ ಹಿಡಿದು ತಾವೂ ನೆಟ್ಟಗೆ ನಿಂತು ಆ ಸಂಶಯ ಪರಿಹರಿಸಿದರು. ಮಕ್ಕಳು ಕೊಡೆ ಟೀಚರ್ ಎಂದು ಕರೆಯತೊಡಗಿದರು. ಒಮ್ಮೆ ಸ್ಟಾಫಿನವರೆಲ್ಲ ಸೇರಿ ಕಾಪು ಬೀಚಿಗೆ ಹೊರಟಾಗ ಇವರು ಮಾತ್ರ ಏಳು ಗಂಟೆಗೆ ಬಂದರು. ಅಷ್ಟು ಹೊತ್ತಿಗೆ ನಮ್ಮ ಚುರುಮುರಿಯೂ ಮುಗಿದಿತ್ತು, ಫೋಟೋ ತೆಗೆದದ್ದೂ ಆಗಿತ್ತು. "ಸೂರ್ಯ ಮುಳುಗುವುದನ್ನು ನೋಡ್ಲಿಕ್ಕೆ ಊರೆಲ್ಲ ಬರ್ತದೆ. ಅವನು ಹೋದ ಮೇಲೆ ಬರುವವಳು ನಾನೊಬ್ಬಳೇ" ಎಂದು ಹೇಳಿ ದೀಪಸ್ತಂಭದ ಬಂಡೆಯ ಕೆಳಗೆ ನೀರಿಗೆ ಕಾಲಿಟ್ಟು ಕೂತರು. ಹುಟ್ಟಿದೂರಿನ ಕಡಲು. ಅವತ್ತು ಅವರನ್ನು ಅಲ್ಲಿಂದ ಎಬ್ಬಿಸಲು ಗಂಡ ಮೂರು ಸಲ ಬಂದು ಕರೆಯಬೇಕಾಯಿತು.

ಈ ಗಂಡನ ಬಗ್ಗೆಯೂ ಒಂದು ಮಾತು. ಮಸ್ಕತ್ತಿನಲ್ಲಿ ಬಹಳ ವರ್ಷ ದುಡಿದು ಮರಳಿ ಬಂದವರು, ಮಾತು ಕಡಿಮೆ. ಮಾತಾಡುವ ಕೆಲಸವನ್ನು ಹೆಂಡತಿಗೆ ಪೂರ್ತಿಯಾಗಿ ವಹಿಸಿಕೊಟ್ಟು ಅಡುಗೆಮನೆಯನ್ನು ತಾವು ಇಟ್ಟುಕೊಂಡಿದ್ದರು. ಟೀಚರ ಡಬ್ಬಿಯ ಪತ್ರೊಡೆ ನಮ್ಮ ಸ್ಟಾಫ್ ರೂಮಿನಲ್ಲಿ ಪ್ರಸಿದ್ಧವಾಗಿತ್ತು, ಅದು ಅವರ ಕೈಯದ್ದು.

ಬೇರೆ ಎಲ್ಲದಕ್ಕೂ ಟೀಚರು ಹೊಂದಿಕೊಂಡರು, ದಣಿವಿಗೆ ಮಾತ್ರ ಆಗಲಿಲ್ಲ. ಗಂಟು ನೋವು ಇಳಿಯಿತು, ಕೆನ್ನೆಯ ಕೆಂಪು ಇಳಿಯಿತು, ರಿಪೋರ್ಟುಗಳೂ ಒಂದೊಂದಾಗಿ ಸುಧಾರಿಸಿದವು. ದಣಿವು ಇದ್ದಲ್ಲೇ ಇತ್ತು. ನಮಗೆ ಅದನ್ನು ವಿವರಿಸಲು ಅವರು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ನಾವೋ, ದಣಿವೆಂದರೆ ಒಂದು ನಿದ್ದೆ ಮಾಡಿ ಎದ್ದರೆ ಸರಿಹೋಗುವಂಥದ್ದು ಎಂದು ತಿಳಿದವರು. ನನಗೂ ಹಾಗೇ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಮಾತು ಬದಲಿಸುತ್ತಿದ್ದರು. ನನ್ನ ಹತ್ತಿರ ಒಮ್ಮೆ ಹೇಳಿದರು: "ನೀವು ದಣಿಯುವುದು ಕೆಲಸ ಮಾಡಿದ ಮೇಲೆ. ನಾನು ಏಳುವಾಗಲೇ ದಣಿದಿರ್ತೇನೆ. ಬಾಚಣಿಗೆ ಎತ್ತಿ ತಲೆಗೆ ಮುಟ್ಟಿಸುವುದುಂಟಲ್ಲ, ಅದೊಂದು ಗುಡ್ಡ ಹತ್ತಿದ ಹಾಗೆ."

ಆದರೂ ಗಣಿತದವರು ಗಣಿತದವರೇ. ಹಳೆಯ ಗ್ರಾಫ್ ಪುಸ್ತಕವೊಂದರಲ್ಲಿ ಪ್ರತಿದಿನದ ದಣಿವಿಗೆ ಒಂದು ಚುಕ್ಕೆ ಹಾಕುತ್ತಿದ್ದರು, ದಣಿವು ಹೆಚ್ಚಾದಷ್ಟೂ ಚುಕ್ಕೆ ಮೇಲೆ, ಚುಕ್ಕೆಗಳನ್ನು ಗೆರೆಯಿಂದ ಸೇರಿಸುತ್ತಿದ್ದರು. ಹಿಂದಿನ ಪುಟದಲ್ಲಿ ಕಾರಣಗಳ ಪಟ್ಟಿ. ಪ್ರತಿ ಸಲ ಮಣಿಪಾಲಕ್ಕೆ ಹೋಗಿ ಬಂದಾಗ ಪಟ್ಟಿಯಲ್ಲಿ ಯಾವುದಾದರೂ ಒಂದರ ಎದುರು ಏನಾದರೂ ಬರೆಯುವುದು. ರಕ್ತ ಕಡಿಮೆ ಇದ್ದದ್ದು ಸಿಕ್ಕಿತು, ಅದಕ್ಕೆ ಕಬ್ಬಿಣದ ಮಾತ್ರೆ. ಥೈರಾಯ್ಡ್ ಸ್ವಲ್ಪ ಹೆಚ್ಚುಕಡಿಮೆ ಇತ್ತು, ಅದಕ್ಕೊಂದು. ಬಿಸಿಲಿಗೆ ಹೋಗದೆ ವಿಟಮಿನ್ ಡಿ ತಳ ಕಂಡಿತ್ತು, ಅದಕ್ಕೊಂದು. ಚುಕ್ಕೆ ಅಷ್ಟಷ್ಟೇ ಕೆಳಗಿಳಿಯಿತು. ನಿದ್ದೆಯ ವಿಷಯದಲ್ಲಿ ತಪ್ಪು ಅವರದೇ. ಸ್ಟಿರಾಯ್ಡ್ ಮಾತ್ರೆಯನ್ನು ಊಟದ ಮೇಲೆ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ. ನಮ್ಮಲ್ಲಿ ಬೆಳಿಗ್ಗೆ ತಿನ್ನುವುದು ತಿಂಡಿ, ಊಟವೆಂದರೆ ಮಧ್ಯಾಹ್ನದ್ದು ಮತ್ತು ರಾತ್ರಿಯದ್ದು. ಮಧ್ಯಾಹ್ನ ಶಾಲೆಯ ಗಡಿಬಿಡಿ, ಹಾಗಾಗಿ ಟೀಚರು ರಾತ್ರಿ ಊಟ ಮುಗಿಸಿ ಶ್ರದ್ಧೆಯಿಂದ ಮಾತ್ರೆ ನುಂಗಿ ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡು ಮಲಗುತ್ತಿದ್ದರು. ರಾತ್ರಿ ನುಂಗಿದರೆ ಅದು ನಿದ್ದೆ ಕೆಡಿಸುತ್ತದೆಂದು ಗೊತ್ತಾದ ಮೇಲೆ ಬೆಳಗಿನ ಇಡ್ಲಿಯ ಜೊತೆಗೆ ಬಂತು.

ಇನ್ನು ನನ್ನ ಪಾಪದ ಕಥೆ. ಶಾಲೆಯಲ್ಲಿ ಟೈಮ್‌ಟೇಬಲ್ ಮಾಡುವ ಕೆಲಸ ಹಿಂದಿನಿಂದಲೂ ನನ್ನದು. ಮೇ ತಿಂಗಳ ಕೊನೆಯಲ್ಲಿ ದೊಡ್ಡ ಚಾರ್ಟ್ ಹಾಳೆ ಹರಡಿ, ಪೆನ್ಸಿಲು, ರಬ್ಬರು, ನಾಲ್ಕು ಬಣ್ಣದ ಪೆನ್ನು ಹಿಡಿದು ಕೂತರೆ ನಾನೊಬ್ಬ ದೇವರೆಂದೇ ನನ್ನ ಭಾವನೆ. ಹನ್ನೊಂದು ಜನರ ವರ್ಷವನ್ನು ನಾನು ಚೌಕಗಳಲ್ಲಿ ಕೂರಿಸುವವನು. ಆ ವರ್ಷ ನನ್ನ ಕರುಣೆ ಉಕ್ಕಿ ಹರಿಯಿತು. ಟೀಚರಿಂದ ಹತ್ತನೇ ತರಗತಿಯನ್ನು ತೆಗೆದು ಹೊಸದಾಗಿ ಬಂದ ವಿಜ್ಞಾನದ ಮಾಸ್ಟ್ರಿಗೆ ಕೊಟ್ಟೆ. ಒಂಬತ್ತನೆಯದನ್ನೂ ಕೊಟ್ಟೆ. ಟೀಚರಿಗೆ ಎಂಟನೇ ತರಗತಿಯ ಒಂದು ವಿಭಾಗ, ಮೌಲ್ಯಶಿಕ್ಷಣ, ಲೈಬ್ರರಿ. ಉಳಿದದ್ದೆಲ್ಲ ವಿಶ್ರಾಂತಿ. ಅವರನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ. ಕೇಳಿದರೆ ಸಂಕೋಚದಿಂದ ಬೇಡ ಎಂದಾರು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಮುಖ್ಯೋಪಾಧ್ಯಾಯರು ನನ್ನ ಬೆನ್ನು ತಟ್ಟಿ ದೊಡ್ಡ ಮನಸ್ಸು ಎಂದರು. ನಾನೂ ಹೌದೆಂದುಕೊಂಡೆ.

ಜೂನ್‌ನಲ್ಲಿ ಚಾರ್ಟ್ ನೋಡಿ ಟೀಚರು "ಆಯ್ತು ಸರ್" ಎಂದರು, ಅಷ್ಟೆ. ಅವರು ಯಾವ ಕಾರಣವನ್ನೂ ಕೇಳಲಿಲ್ಲ ಎಂಬುದರಲ್ಲೇ ನನಗೆ ತಿಳಿಯಬೇಕಿತ್ತು. ಇಪ್ಪತ್ತು ಚಿಲ್ಲರೆ ವರ್ಷ ಹತ್ತನೇ ತರಗತಿಯ ಗಣಿತವೆಂದರೆ ಇವರು. ಪೇಟೆಯಲ್ಲಿ ಬ್ಯಾಂಕಿಗೆ ಹೋದರೂ ಮೀನು ಮಾರ್ಕೆಟ್ಟಿಗೆ ಹೋದರೂ "ಟೀಚರ್, ನಿಮ್ಮಿಂದ ಪಾಸಾದೆ" ಎನ್ನುವವರೊಬ್ಬರು ಸಿಗುತ್ತಿದ್ದರು. ಆ ಮಳೆಗಾಲ ಅವರು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತಿರುತ್ತಿದ್ದರು. ಮೇಲಿನಿಂದ ಹತ್ತನೇ ತರಗತಿಯ ಮಕ್ಕಳು ಸೂತ್ರ ಹೇಳುವುದು ಕೇಳಿಸುತ್ತಿತ್ತು, ಇವರು ಮೇಜಿನ ಮೇಲೆ ತಲೆಯಿಡುತ್ತಿದ್ದರು. ಮೊದಲಿಗಿಂತ ಹೆಚ್ಚು ಮಲಗುತ್ತಿದ್ದರು. ನೋಡಿದಿರಾ, ಕ್ಲಾಸು ಕಡಿಮೆ ಮಾಡಿದ್ದು ಎಷ್ಟು ಒಳ್ಳೆಯದಾಯಿತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಗಸ್ಟಿನಲ್ಲಿ ಒಮ್ಮೆ ಅವರ ಗಂಡನಿಗೆ ಕಾಲು ಉಳುಕಿ ಟೀಚರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವವರಿಲ್ಲವಾಯಿತು. ನಾನು ನನ್ನ ಹಳೆಯ ಕಾರು ತೆಗೆದೆ. ಹಿರಿಯಡ್ಕ ದಾಟಿ ಪರ್ಕಳದ ಏರು ಹತ್ತುವವರೆಗೂ ನಾನೇ ಮಾತಾಡಿದೆ, ಅವರು ಕಿಟಕಿಗೆ ತಲೆಯಾನಿಸಿ ಹೂಂ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಎಳೆಯ ಹೆಂಗಸು, ದೂರದ ಯಾವುದೋ ರಾಜ್ಯದಿಂದ ಓದಲು ಬಂದು ಇಲ್ಲೇ ನಿಂತವರು. ರೋಗಿಗಳಿಂದಲೇ ಕನ್ನಡ ಕಲಿತದ್ದರಿಂದ ನಮಗಿಂತ ಚೆನ್ನಾಗಿ ನಮ್ಮ ಕನ್ನಡ ಬರುತ್ತಿತ್ತು. ಸರ್ ಕೂಡ ಒಳಗೆ ಬರಲಿ ಎಂದು ಟೀಚರೇ ಹೇಳಿದರು, ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ನನ್ನನ್ನು ಯಾಕೆ ಒಳಗೆ ಕರೆದರೆಂದು ಆಗ ನನಗೆ ತಿಳಿಯಲಿಲ್ಲ.

ರಿಪೋರ್ಟುಗಳು ಚೆನ್ನಾಗಿದ್ದವು. ಕಾಯಿಲೆ ಸದ್ಯ ಸುಮ್ಮನಿದೆ ಎಂದರು ಡಾಕ್ಟರು. ಹಾಗಾದರೆ ದಣಿವು ಯಾಕೆ ಸುಮ್ಮನಾಗಿಲ್ಲ ಎಂದು ಟೀಚರು ಕೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. "ಒಂದೇ ಕಾರಣ ಹೇಳಿದ್ರೆ ನಾನು ಸುಳ್ಳು ಹೇಳಿದ ಹಾಗೆ ಆಗ್ತದೆ. ಈ ಕಾಯಿಲೆಯಲ್ಲಿ ರಿಪೋರ್ಟು ಒಂದು ಹೇಳ್ತದೆ, ದಣಿವು ಇನ್ನೊಂದು ಹೇಳ್ತದೆ. ನಾವು ಒಂದೊಂದೇ ಬಾಗಿಲು ತಟ್ಟಿ ನೋಡ್ಬೇಕು."

ಟೀಚರು ಗ್ರಾಫ್ ಪುಸ್ತಕ ತೆಗೆದುಕೊಟ್ಟರು. ಜೂನ್‌ನಿಂದ ಚುಕ್ಕೆಗಳು ಮೇಲೇರಿದ್ದವು. ಡಾಕ್ಟರು ಖುಷಿಯಿಂದ ಪುಟ ತಿರುವಿ ಹಿಂದಿನ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಕಾಯಿಲೆಯೇ. ರಕ್ತ. ಥೈರಾಯ್ಡ್. ಬಿಸಿಲು. ನಿದ್ದೆ. ನೋವು. ಆಮೇಲೆ ತಲೆಯೆತ್ತಿ, ಇದು ಎಂತ, ಟೈಮ್‌ಟೇಬಲ್ ಅಂತ ಉಂಟಲ್ಲ ಏಳನೆಯದು, ಎಂದು ಕೇಳಿದರು.

ಟೀಚರು ಫ್ಯಾನಿನ ಕಡೆ ನೋಡುತ್ತಾ "ಅದನ್ನು ಮಾಡಿದವರು ಅಲ್ಲಿ ಸ್ಟೂಲಿನಲ್ಲಿ ಕೂತಿದ್ದಾರೆ" ಎಂದರು.

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗಿತ್ತೋ ಏನೋ. ಡಾಕ್ಟರು ನನ್ನನ್ನೊಮ್ಮೆ ನೋಡಿ, ಟೈಮ್‌ಟೇಬಲಿನಲ್ಲಿ ಏನು ಹೋಯಿತು ಎಂದು ಟೀಚರನ್ನು ಕೇಳಿದರು. ಹತ್ತನೇ ತರಗತಿ, ಎಂದರು ಟೀಚರು. "ಮುಂಚೆ ಪಾಠ ಮಾಡಿ ದಣೀತಿದ್ದೆ ಡಾಕ್ಟ್ರೆ. ಈಗ ಪಾಠ ಇಲ್ಲದೆ ದಣೀತೇನೆ. ಎರಡನೆಯದೇ ಹೆಚ್ಚು ಭಾರ. ನಿವೃತ್ತಿಗೆ ಇನ್ನೂ ಕೆಲವು ವರ್ಷ ಉಂಟು. ಕೊನೆಯವರೆಗೆ ಹತ್ತನೆಯವರಿಗೆ ಪಾಠ ಮಾಡ್ಬೇಕು, ನನಗೆ ಬೇರೆ ಆಸೆ ಇಲ್ಲ."

ಡಾಕ್ಟರು ಹೇಳಿದ್ದನ್ನು ನಾನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ದಣಿವು ಮನಸ್ಸಿನ ಭ್ರಮೆಯಲ್ಲ, ಅದು ನಿಜ. ಆದರೆ ಬೇಸರವೂ ಅದಕ್ಕೆ ನೀರು ಹಾಕುತ್ತದೆ. ಮೈಯನ್ನು ಬರೀ ಮಲಗಿಸಿಟ್ಟರೆ ಮೈಯ ಬಲ ಇನ್ನೂ ಕುಂದುತ್ತದೆ. ಹಾಗಾಗಿ ಪೂರ್ತಿ ಬಿಡುವುದೂ ಸಲ್ಲ, ಹಳೆಯ ಹಾಗೆ ಹಾರುವುದೂ ಸಲ್ಲ. ದಿನಕ್ಕೆ ಹತ್ತು ನಿಮಿಷ ನಡೆಯಿರಿ, ಮುಂದಿನ ವಾರ ಹನ್ನೆರಡು. ಸುಸ್ತಾಗುವ ಮೊದಲೇ ಕೂತುಕೊಳ್ಳಿ. ಏಳನೆಯ ಕಾರಣಕ್ಕೆ ತನ್ನ ಹತ್ತಿರ ಮಾತ್ರೆಯಿಲ್ಲ, ಅದಕ್ಕೆ ಔಷಧ ಸ್ಟೂಲಿನಲ್ಲಿರುವವರೇ ಕೊಡಬೇಕು, ಎಂದು ಡಾಕ್ಟರು ಗಂಭೀರವಾಗಿ ಹೇಳಿದರು.

ವಾಪಸು ಬರುವಾಗ ಬೈಲೂರಿನಲ್ಲಿ ಕಾರು ನಿಲ್ಲಿಸಿ ಗೋಳಿಬಜೆ, ಚಹಾ ಹೇಳಿದೆ. ಗಣಪತಿಯನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿಟ್ಟೆನಲ್ಲ ಎಂಬ ಸಂಕಟ. ತಪ್ಪಾಯಿತು ಟೀಚರ್ ಎಂದೆ. ಅವರು ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ ನಿಧಾನವಾಗಿ ತಿಂದರು. "ಒಂದು ಮಾತು ಕೇಳ್ಬೇಕಿತ್ತು ಸರ್. ಅಷ್ಟೇ. ನನ್ನ ದಣಿವು ನನಗೆ ಗೊತ್ತುಂಟು, ನಿಮಗೆ ಗೊತ್ತಿರುವುದು ನಿಮ್ಮ ಕರುಣೆ ಮಾತ್ರ" ಎಂದರು. ಆಮೇಲೆ ನನ್ನ ತಟ್ಟೆಯಲ್ಲಿ ಉಳಿದಿದ್ದ ಒಂದನ್ನೂ ಎತ್ತಿಕೊಂಡರು. ಕ್ಷಮಿಸಿದರೆಂದು ನಾನು ಲೆಕ್ಕ ಹಾಕಿದೆ.

ಮರುದಿನವೇ ಚಾರ್ಟು ಕೆಳಗಿಳಿಸಿದೆ. ಈ ಸಲ ಟೀಚರು ಪಕ್ಕದಲ್ಲಿ ಕೂತು ಹೇಳಿದರು, ನಾನು ರಬ್ಬರು ಹಾಕಿದೆ. ಬೆಳಿಗ್ಗೆ ಗಂಟುಗಳು ಬಿಗಿಯಾಗಿರುತ್ತವೆ, ಮೊದಲ ಪೀರಿಯಡ್ ಬೇಡ. ಮಧ್ಯಾಹ್ನದ ಮೇಲೆ ತಲೆಗೆ ಮಂಜು ಕವಿಯುತ್ತದೆ, ಆಗ ಬೇಡ. ಮೂರನೆಯದು ಹತ್ತನೇ ತರಗತಿಗೆ. ಹತ್ತನೆಯವರನ್ನು ಕೆಳಗಿನ ಕೋಣೆಗೆ ಇಳಿಸಿ ಎಂಟನೆಯವರನ್ನು ಮೇಲೆ ಹತ್ತಿಸಿದೆವು. ವಿಜ್ಞಾನದ ಮಾಸ್ಟ್ರು ಹತ್ತನೇ ತರಗತಿಯನ್ನು ಬಿಟ್ಟುಕೊಡುವಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆಯುವಂತಿಲ್ಲ.

ಇನ್ನೊಂದು ತೊಡಕು ಕುರ್ಚಿಯದ್ದು. ನಮ್ಮ ಶಾಲೆಯಲ್ಲಿ ಕೂತು ಪಾಠ ಮಾಡುವುದೆಂದರೆ ಮಹಾಪರಾಧ, ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ನೋಡುವುದೇ ಅದನ್ನು. ಟೀಚರು ಕೂತರು. ಚಾಕ್‌ಪೀಸ್ ಮಕ್ಕಳ ಕೈಗೆ ಕೊಟ್ಟರು. ದಿನಕ್ಕೆ ಆರು ಮಕ್ಕಳು ಬೋರ್ಡಿಗೆ ಬಂದು ಲೆಕ್ಕ ಮಾಡಬೇಕು, ತಪ್ಪಿದರೆ ಕೂತವರು ಎದ್ದು ತಿದ್ದಬೇಕು, ಟೀಚರು ಕುರ್ಚಿಯಲ್ಲಿ ಒರಗಿ "ಯಾಕೆ?" ಎಂದು ಮಾತ್ರ ಕೇಳುವುದು. ಮೊದಲು ಟೀಚರೇ ಓಡುತ್ತಿದ್ದ ಕ್ಲಾಸಿನಲ್ಲಿ ಈಗ ಮಕ್ಕಳು ಓಡತೊಡಗಿದರು. ಗಣಿತದಲ್ಲಿ ಫೇಲಾಗುವವರು ಕಡಿಮೆಯಾದದ್ದು ಇದರಿಂದಲೇ ಎಂದು ನಾನು ಹೇಳಿದರೆ, ಬೇರೆ ಕಾರಣಗಳೂ ಇರಬಹುದು ಎನ್ನುತ್ತಿದ್ದರು.

ಏಳಲಾಗದ ದಿನಗಳೂ ಇದ್ದವು, ಆ ದಿನಗಳು ಕೊನೆಯವರೆಗೂ ಹೋಗಲಿಲ್ಲ. ಅಂಥ ಬೆಳಿಗ್ಗೆ "ಇವತ್ತು ಫೋನು" ಎಂದು ನನಗೆ ಮೆಸೇಜು. ಮೂರನೇ ಪೀರಿಯಡ್ಡಿಗೆ ನಾನು ನನ್ನ ಫೋನನ್ನು ಸ್ಪೀಕರಿನಲ್ಲಿಟ್ಟು ಮೇಜಿನ ಮೇಲೆ ನಿಲ್ಲಿಸಿ, ಅವರು ಹಾಸಿಗೆಯಲ್ಲಿ ಮಲಗಿ ಹೇಳಿದ್ದನ್ನು ಬೋರ್ಡಿನಲ್ಲಿ ಬರೆಯಬೇಕು. ಗಣಿತಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಬರೆಯುವುದು, ಮಕ್ಕಳು ನಗುವುದು, ಫೋನಿನೊಳಗಿನಿಂದ "ಸರ್ ಎಂತ ಬರೆದ್ರು, ಯಾರಾದ್ರೂ ಹೇಳಿ" ಎಂದು ಕೇಳುವುದು. ನಿವೃತ್ತಿಯ ಹೊಸ್ತಿಲಲ್ಲಿ ನಾನು ವರ್ಗಸಮೀಕರಣ ಕಲಿತದ್ದು ಹಾಗೆ. ಮುಖ್ಯೋಪಾಧ್ಯಾಯರು ಕಂಡೂ ಕಾಣದಂತೆ ವರಾಂಡದಲ್ಲಿ ದಾಟಿ ಹೋಗುತ್ತಿದ್ದರು.

ಹೀಗೆ ವರ್ಷಗಳು ನಡೆದು ಈ ಫೆಬ್ರವರಿ ಬಂತು. ಅವರ ಸೇವೆ ತಿಂಗಳ ಕೊನೆಗೆ ಮುಗಿಯುವುದು, ಪಬ್ಲಿಕ್ ಪರೀಕ್ಷೆ ಆಮೇಲೆ. ಪಾಠ ಮುಗಿಸಿಯೇ ಹೋಗುತ್ತೇನೆ ಎಂದು ಹಟ. ಆದರೆ ತಿಂಗಳ ನಡುವೆ ದಣಿವು ಮತ್ತೆ ಏರಿತು, ಎರಡು ವಾರ ಹೆಚ್ಚಿನಂಶ ಫೋನಿನಲ್ಲೇ ಕಳೆಯಿತು. ಉಳಿದದ್ದು ಘನಫಲದ ಕೊನೆಯ ಲೆಕ್ಕಗಳು, ಶಂಕುವಿನ ಮೇಲೆ ಅರ್ಧಗೋಳ ಕೂರಿಸುವಂಥವು. ಅದನ್ನು ಫೋನಿನಲ್ಲಿ ತೋರಿಸುವುದು ಹೇಗೆ? ನಾನು ಬೋರ್ಡಿನಲ್ಲಿ ಬರೆದ ಶಂಕು ಮಕ್ಕಳಿಗೆ ಕೊಕ್ಕರೆಯ ಹಾಗೆ ಕಾಣಿಸಿತು. ಮುಂದಿನ ಬೆಂಚಿನ ಒಬ್ಬಳು, ಗಣಿತವೆಂದರೆ ಮೊದಲಿಂದಲೂ ಅಳುವವಳು, ಆ ದಿನ ನಿಜವಾಗಿಯೂ ಅತ್ತಳು.

ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಬೀಳ್ಕೊಡುಗೆ ಸಮಾರಂಭ. ನಮ್ಮ ಕಡೆ ಬೀಳ್ಕೊಡುಗೆಯೆಂದರೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಹಾರ, ಚೌಕಟ್ಟು ಹಾಕಿದ ಸನ್ಮಾನಪತ್ರ, ಮೇಲಿಂದ ಎಂಟು ಜನರ ಭಾಷಣ. ಸನ್ಮಾನಪತ್ರ ಬರೆಯುವುದು ಕನ್ನಡ ಮಾಸ್ಟ್ರ ಹಣೆಬರಹ. ಎಷ್ಟೋ ಜನರಿಗೆ ಬರೆದ ಕೈ, ತನ್ನಷ್ಟಕ್ಕೆ ಓಡುತ್ತದೆ. ಹಿಂದಿನ ದಿನ ಚೌಕಟ್ಟು ಹಾಕಿ ಬಂದದ್ದನ್ನು ಅವರ ಮನೆಗೆ ಹೋಗಿ ತೋರಿಸಿದೆ. ಟೀಚರು ಕನ್ನಡಕ ಹಾಕಿ ಓದಿ, ಒಂದು ಸಾಲಿಗೆ ಬೆರಳಿಟ್ಟು, ಕೆಮ್ಮು ಬರುವಷ್ಟು ನಕ್ಕರು. "ದಣಿವರಿಯದ ಶಿಕ್ಷಕಿ" ಎಂದಿತ್ತು. ಎಲ್ಲರಿಗೂ ಬರೆಯುವುದನ್ನು ಇವರಿಗೂ ಬರೆದಿದ್ದೆ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ನಗು ನಿಂತ ಮೇಲೆ ವಿಷಯಕ್ಕೆ ಬಂದರು. "ಸರ್, ನಾಳೆಗೆ ನನ್ನ ಹತ್ರ ಒಂದಕ್ಕೆ ಮಾತ್ರ ಶಕ್ತಿ ಉಂಟು. ಮೂರನೇ ಪೀರಿಯಡ್ಡಿಗೆ ಬಂದ್ರೆ ಮೂರು ಗಂಟೆಗೆ ಬರ್ಲಿಕ್ಕೆ ಆಗುವುದಿಲ್ಲ."

ನಡುವೆ ಸ್ಟಾಫ್ ರೂಮಿನಲ್ಲಿ ಮಂಚ ಹಾಕಿಸುತ್ತೇನೆ ಎಂದೆ. ಸಾಲದು ಎಂದರು. ಹೊಗಳಿಕೆ ಕೇಳಿಕೊಂಡು ಮೂರು ತಾಸು ನೆಟ್ಟಗೆ ಕೂರಲು ಪಾಠಕ್ಕಿಂತ ಹೆಚ್ಚು ಬಲ ಬೇಕಂತೆ. ಪಾಠವನ್ನು ಮುಂದಿನ ವಾರ ಬಂದು ಮುಗಿಸಿ ಎಂದೆ. ನಾಡಿದ್ದಿನಿಂದ ತಾನು ಆ ಶಾಲೆಗೆ ಹೊರಗಿನವಳು, ಹೊರಗಿನವಳಾಗಿ ಮುಗಿಸುವುದಿಲ್ಲ ಎಂದರು. ಕರೆಯೋಲೆ ಹಂಚಿಯಾಗಿದೆ, ಆಡಳಿತ ಮಂಡಳಿಯವರಿಗೆ ಏನು ಹೇಳಲಿ ಎಂದೆ. ಮೂಲೆಯಲ್ಲಿ ಬಸಳೆ ಸೋಸುತ್ತಿದ್ದ ಗಂಡ ಅಷ್ಟರಲ್ಲಿ ತಲೆಯೆತ್ತಿ "ಶಾಲು ನಾನು ಹೊದೆಸಿಕೊಳ್ತೇನೆ" ಎಂದರು. ಅವರು ನನ್ನೆದುರು ಆಡಿದ ಅತ್ಯಂತ ಉದ್ದದ ಮಾತು ಅದೇ.

ಮರುದಿನ ಟೀಚರು ರಿಕ್ಷಾದಿಂದ ಇಳಿದು ಕೊಡೆ ಹಿಡಿದು ನಿಧಾನವಾಗಿ ಬಂದರು. ಚೀಲದಲ್ಲಿ ಚುರುಮುರಿ ಕಟ್ಟುವ ಹಾಗೆ ಸುತ್ತಿದ ದಪ್ಪ ಕಾಗದದ ಪೊಟ್ಟಣ, ಒಡೆದ ತೆಂಗಿನಕಾಯಿಯ ಅರ್ಧ ಕಡಿ. ಮೂರನೇ ಪೀರಿಯಡ್ಡಿನಲ್ಲಿ ಪೊಟ್ಟಣದ ಬಾಯಿಗೆ ಕಡಿಯನ್ನು ಬೋರಲು ಕೂರಿಸಿ ಎತ್ತಿ ಹಿಡಿದರು. ಮೊಣಕೈಗೆ ಇನ್ನೊಂದು ಕೈ ಆಧಾರ ಕೊಟ್ಟಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಅಳುವ ಹುಡುಗಿಯನ್ನೇ ಬೋರ್ಡಿಗೆ ಕರೆದರು. ಗಂಟೆ ಬಾರಿಸುವಾಗ ಲೆಕ್ಕ ಅರ್ಧದಲ್ಲಿತ್ತು. ಉಳಿದದ್ದನ್ನು ನೀನೇ ಮಾಡು ಎಂದು ಹೇಳಿ ಕುರ್ಚಿಯ ಕೈ ಹಿಡಿದು ಎದ್ದು ಎಲ್ಲರಿಗೂ ಒಮ್ಮೆ ಕೈ ಮುಗಿದು ಹೊರಟುಬಿಟ್ಟರು. ಮಕ್ಕಳು ಎದ್ದು ನಿಂತದ್ದನ್ನು ಅವರು ತಿರುಗಿ ನೋಡಲಿಲ್ಲ, ನೋಡಿದ್ದರೆ ಅಲ್ಲೇ ಕೂರಬೇಕಾಗುತ್ತಿತ್ತು ಎಂದು ಆಮೇಲೆ ಹೇಳಿದರು.

ಸಮಾರಂಭ ಚೆನ್ನಾಗಿಯೇ ಆಯಿತು. ಗಂಡ ಪೇಟ ತೊಟ್ಟು, ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟ ಮದುಮಗನಾಗಿ ಎಂಟು ಭಾಷಣಗಳನ್ನೂ ತಲೆತಗ್ಗಿಸಿ ಕೇಳಿದರು. ಸನ್ಮಾನಪತ್ರ ಓದುವಾಗ ಆ ಸಾಲು ಬಂತು, ಅಲ್ಲಿಗೇ ನಿಲ್ಲಿಸಿದೆ. ಇಲ್ಲಿ ಬರೆದದ್ದು ತಪ್ಪು, ತಪ್ಪು ನನ್ನದು ಎಂದೆ. ಈ ಟೀಚರಿಗೆ ದಣಿವು ಎಂದರೇನೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಬೆಳಿಗ್ಗೆ ಬಂದರು, ಎಂದೆ. ಮುಂದೆ ಓದದೆ ಚೌಕಟ್ಟನ್ನು ಗಂಡನ ಕೈಗಿತ್ತೆ. ಹತ್ತನೇ ತರಗತಿಯ ಮಕ್ಕಳು ಚಪ್ಪಾಳೆ ಶುರು ಮಾಡಿದರು.

ಸಂಜೆ ಆರು ಗಂಟೆಗೆ ಬುಟ್ಟಿ, ಶಾಲು, ಚೌಕಟ್ಟು, ಗಂಡ ಎಲ್ಲವನ್ನೂ ಕಾರಿನಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ಟೀಚರು ಜಗಲಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಬಿದ್ದುಕೊಂಡಿದ್ದರು, ಮುಖ ಬಿಳಿಚಿತ್ತು. ಯಾರು ಏನು ಹೊಗಳಿದರು ಎಂದು ಕೇಳಲಿಲ್ಲ. ಆ ಹುಡುಗಿ ಲೆಕ್ಕ ಮುಗಿಸಿದಳೋ ಎಂದು ಕೇಳಿದರು.

ಭಾಷಣದ ನಡುವೆ ಅವಳು ನನ್ನ ಹತ್ತಿರ ಬಂದು ಕೊಟ್ಟಿದ್ದ ನೋಟ್‌ಪುಸ್ತಕ ತೆಗೆದುಕೊಟ್ಟೆ. ಟೀಚರು ಮಲಗಿದಲ್ಲಿಂದಲೇ ಪುಟವನ್ನು ಮುಖದ ಹತ್ತಿರ ಹಿಡಿದು ಮೇಲಿನಿಂದ ಕೆಳಗೆ ಒಂದೊಂದೇ ಸಾಲು ನೋಡಿದರು. ಉತ್ತರ ಸರಿ ಇತ್ತು. ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟು ಕಣ್ಣು ಮುಚ್ಚಿಕೊಂಡು, ನನ್ನ ಕಿವಿಯಲ್ಲಿ ಈಗಲೂ ಉಳಿದಿರುವ ಸಂತೋಷದ ಸ್ವರದಲ್ಲಿ ಹೇಳಿದರು:

"ಪಾಠ ಮುಗೀತು ಸರ್. ಇನ್ನು ನಾನು ಎಷ್ಟು ಬೇಕಾದ್ರೂ ದಣೀಬಹುದು."